ಕಾವಲುಗೋಡೆಯ ಒಳಗಿನ ಕೊಲೆ: ಸೇನಾ ನೆಲೆಯ ಥ್ರಿಲ್ಲರ್ ಕನ್ನಡಕ್ಕೇಕೆ ಬರಲಿಲ್ಲ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಿನಿಮಾ ಪ್ರೇಕ್ಷಕರು ಒಂದೇ ಭಾಷೆಗೆ ಕಟ್ಟುಬಿದ್ದವರಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಹಿಂದಿ ಚಿತ್ರವನ್ನು ಸಲೀಸಾಗಿ ನೋಡಿ, ಮಲಯಾಳಂ ಚಿತ್ರವನ್ನು ಕಿವಿಯಿಂದ ಅರ್ಧ, ಊಹೆಯಿಂದ ಅರ್ಧ ಹಿಂಬಾಲಿಸುವ ಊರುಗಳಿವು. ಹಾಗಾಗಿ ಸೇನಾ ನೆಲೆಯೊಳಗೆ ನಡೆಯುವ ಥ್ರಿಲ್ಲರ್ ಇಲ್ಲಿಯವರಿಗೆ ಅಪರಿಚಿತವಲ್ಲ. ಬೇಲಿ ಹಾಕಿದ ಒಂದು ಜಾಗ, ಅದರೊಳಗೆ ಒಂದು ಸಾವು, ಸಾವಿನ ಸುತ್ತ ಶಿಸ್ತಿನ ಹೆಸರಲ್ಲಿ ಒಂದು ಮೌನ, ಆ ಮೌನ ಒಡೆಯಲು ಬರುವ ಒಬ್ಬ ವಕೀಲ ಅಥವಾ ತನಿಖಾಧಿಕಾರಿ: ಹಿಂದಿಯ 'ಶೌರ್ಯ', ಮಲಯಾಳದ 'ಮೇಲ್ವಿಲಾಸಂ', ಹಾಲಿವುಡ್ಡಿನ 'ಎ ಫ್ಯೂ ಗುಡ್ ಮೆನ್' ಎಲ್ಲವೂ ಈ ಜಾಡಿನವೇ. ಇಂಥದ್ದೇ ಒಂದು ಕನ್ನಡ ಚಿತ್ರವನ್ನು ಹೆಸರಿಸಿ ಎಂದರೆ ಮಾತ್ರ ಸಿನಿಮಾ ಹುಚ್ಚಿನವರೂ ತಡವರಿಸುತ್ತಾರೆ. ತುಳುವಿನ ಮಾತಂತೂ ಬೇಡ.

ನೆಲೆಗಳಿಲ್ಲದ ರಾಜ್ಯ ನಮ್ಮದಲ್ಲ. ಬೆಂಗಳೂರಿನ ದಂಡು ಪ್ರದೇಶ 1809ರಷ್ಟು ಹಳೆಯದು. ಹಲಸೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ, ಬೀದರಿನ ವಾಯುನೆಲೆ, 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ಕದಂಬ ನೌಕಾನೆಲೆ ಎಲ್ಲವೂ ಇಲ್ಲೇ ಇವೆ. ಇಷ್ಟೆಲ್ಲ ಇದ್ದೂ ಚಿತ್ರ ಏಕೆ ಹುಟ್ಟಲಿಲ್ಲ ಎಂಬುದಕ್ಕೆ ಹಲವು ವಿವರಣೆಗಳು ಚಾಲ್ತಿಯಲ್ಲಿವೆ. ಪ್ರತಿಯೊಂದರಲ್ಲೂ ಸ್ವಲ್ಪ ಹುರುಳಿದೆ, ಯಾವುದೂ ಒಂಟಿಯಾಗಿ ಸಾಲದು. ಅವನ್ನು ತೂಗಿ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಈ ಪ್ರಕಾರ ಮಾಡಬೇಕಾದ ಕೆಲಸವನ್ನು ಕರಾವಳಿಯಲ್ಲಿ ಬೇರೊಂದು ಮುಚ್ಚಿದ ಜಾಗ ಆಗಲೇ ವಹಿಸಿಕೊಂಡಿದೆ. ಬ್ಯಾರಕ್ಕಿನ ಕೊರತೆ ನಮಗೆ ಕಾಡದಿರುವುದಕ್ಕೆ ಅದೇ ದೊಡ್ಡ ಕಾರಣ.

ಪ್ರಕಾರ ಬೆಳೆದ ದಾರಿ

ಈ ಬಗೆಯ ಚಿತ್ರದ ತವರು ರಂಗಭೂಮಿ ಎಂಬುದು ಗಮನಿಸಬೇಕಾದ ಸಂಗತಿ. ಚಾರ್ಲ್ಸ್ ಫುಲ್ಲರ್ ಅವರ 1981ರ ನಾಟಕವನ್ನು ಆಧರಿಸಿ ನಾರ್ಮನ್ ಜ್ಯೂಯಿಸನ್ 1984ರಲ್ಲಿ 'ಎ ಸೋಲ್ಜರ್ಸ್ ಸ್ಟೋರಿ' ತೆಗೆದರು. 1944ರ ಲೂಯಿಸಿಯಾನಾದ ಒಂದು ನೆಲೆ, ಕರಿಯ ಸೈನಿಕರ ತುಕಡಿ, ಕೊಲೆಯಾದ ಒಬ್ಬ ಸಾರ್ಜೆಂಟ್, ತನಿಖೆಗೆ ಬರುವ ಕರಿಯ ಕ್ಯಾಪ್ಟನ್. ಬಿಳಿಯರ ಮೇಲೆ ಶುರುವಾಗುವ ಅನುಮಾನ ಕೊನೆಗೆ ತುಕಡಿಯ ಒಳಗೇ ಬಂದು ನಿಲ್ಲುತ್ತದೆ. ಆರನ್ ಸಾರ್ಕಿನ್ ಅವರ 1989ರ ನಾಟಕದಿಂದ 1992ರಲ್ಲಿ ರಾಬ್ ರೈನರ್ ತೆಗೆದ 'ಎ ಫ್ಯೂ ಗುಡ್ ಮೆನ್' ಗ್ವಾಂಟಾನಮೋ ನೆಲೆಯ ಕಥೆ. ಇತ್ತ ಸ್ವದೇಶ್ ದೀಪಕ್ ಅವರ ಹಿಂದಿ ನಾಟಕ 'ಕೋರ್ಟ್ ಮಾರ್ಷಲ್' ಜಾತಿನಿಂದನೆಗೆ ತುತ್ತಾದ ಸಿಪಾಯಿಯೊಬ್ಬ ಮೇಲಧಿಕಾರಿಗೆ ಗುಂಡಿಟ್ಟ ಪ್ರಕರಣದ ಸುತ್ತ ಹೆಣೆದದ್ದು. ಅದೇ 2011ರಲ್ಲಿ ಮಾಧವ್ ರಾಮದಾಸನ್ ಅವರ 'ಮೇಲ್ವಿಲಾಸಂ' ಆಯಿತು. ಅದಕ್ಕೂ ಮೂರು ವರ್ಷ ಮೊದಲು ಬಂದ ಸಮರ್ ಖಾನ್ ಅವರ 'ಶೌರ್ಯ'ದಲ್ಲಿ ಕಾಶ್ಮೀರದಲ್ಲಿ ಮೇಜರ್ ಒಬ್ಬನನ್ನು ಕೊಂದ ಕ್ಯಾಪ್ಟನ್ ಜಾವೇದ್ ಖಾನ್ ಬಾಯಿಬಿಡುವುದಿಲ್ಲ. ಅವನ ಪರ ವಾದಿಸುವವನು ಬ್ರಿಗೇಡಿಯರ್ ಒಬ್ಬನ ಬಾಯಿ ಬಿಡಿಸಬೇಕಾಗುತ್ತದೆ.

ಈ ಪ್ರಕಾರದ ಜೀವ ಎಲ್ಲಿದೆ ಎಂದು ತಿಳಿಯಲು ರೈನರ್ ಚಿತ್ರದ ಒಂದು ಪಾಟೀಸವಾಲು ನೋಡಿದರೆ ಸಾಕು. ತಪ್ಪು ಮಾಡಿದ ಸೈನಿಕನಿಗೆ ಸಂಗಾತಿಗಳೇ ರಾತ್ರಿ ಗುಟ್ಟಾಗಿ ಕೊಡುವ 'ಕೋಡ್ ರೆಡ್' ಶಿಕ್ಷೆ ನಿಯಮಪುಸ್ತಕದ ಯಾವ ಪುಟದಲ್ಲಿದೆ ತೋರಿಸು ಎಂದು ಸರ್ಕಾರಿ ವಕೀಲ ಸಾಕ್ಷಿಯಾದ ಕಾರ್ಪೊರಲ್‌ಗೆ ಕೇಳುತ್ತಾನೆ. ಎಲ್ಲೂ ಇಲ್ಲ. ಪ್ರತಿವಾದಿ ವಕೀಲ ಅದೇ ಪುಸ್ತಕ ಕೈಗೆತ್ತಿಕೊಂಡು, ಊಟದ ಮನೆ ಎಲ್ಲಿದೆ ಎಂದು ಇದರಲ್ಲಿ ಬರೆದಿದೆಯೇ, ತೋರಿಸು ಎನ್ನುತ್ತಾನೆ. ಅದೂ ಇಲ್ಲ. ಹಾಗಾದರೆ ಇಷ್ಟು ದಿನ ಊಟ ಹೇಗೆ ಮಾಡಿದೆ? ಹೊತ್ತಿಗೆ ಸರಿಯಾಗಿ ಎಲ್ಲರೂ ಹೋದ ಕಡೆ ನಾನೂ ಹೋದೆ ಎಂಬುದು ಸಾಕ್ಷಿಯ ಉತ್ತರ. ಬರೆದ ಕಾನೂನಿನ ಅಡಿಯಲ್ಲಿ ಬರೆಯದ ಇನ್ನೊಂದು ಕಾನೂನು ಎಲ್ಲರಿಗೂ ಗೊತ್ತಿದ್ದು ನಡೆಯುತ್ತಿರುತ್ತದೆ. ಥ್ರಿಲ್ಲರ್ ಬಗೆದು ತೆಗೆಯುವುದು ಅದನ್ನೇ. ಬಂದೂಕು, ಸಮವಸ್ತ್ರ, ಕವಾಯತು ಎಲ್ಲ ಮೇಲಿನ ಸಿಂಗಾರ.

ನಮ್ಮ ಸೈನಿಕ ಸದಾ ರಜೆಯಲ್ಲಿ

ಕನ್ನಡದಲ್ಲಿ ಗೂಢಚಾರ ಬೇಗನೇ ಬಂದ. 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ದೊರೆ-ಭಗವಾನ್ ಜೋಡಿ ರಾಜ್‌ಕುಮಾರರನ್ನು ಸಿಐಡಿ 999 ಮಾಡಿ ಓಡಾಡಿಸಿತು. ಆ ನಾಯಕ ಹೋಟೆಲು, ವಿಮಾನ ನಿಲ್ದಾಣ, ಖಳನ ಅಡ್ಡಾಗಳಲ್ಲಿ ಸುತ್ತುತ್ತಾನೆ. ಬ್ಯಾರಕ್ಕಿನ ಬದುಕು ಅವನದಲ್ಲ. ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನೂ ಒಂಟಿ ಮನುಷ್ಯನೇ. ಸೈನಿಕ ನಿಜವಾಗಿ ಬಂದದ್ದು 1990ರ 'ಮುತ್ತಿನ ಹಾರ'ದಲ್ಲಿ. ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ ಆ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡವ ಯೋಧ, ಸುಹಾಸಿನಿ ಸೇನೆಯ ದಾದಿ. ಕಥೆ ಎರಡನೇ ಮಹಾಯುದ್ಧದಿಂದ ಶುರುವಾಗಿ ದಶಕಗಳನ್ನು ದಾಟುತ್ತದೆ. ಅಲ್ಲಿನ ಸಂಕಟವೆಲ್ಲ ಯುದ್ಧದಿಂದ, ಶತ್ರುವಿನಿಂದ ಬಂದದ್ದು. ಶಿಬಿರದೊಳಗೆ ಅನುಮಾನಿಸಬೇಕಾದವರು ಯಾರೂ ಇಲ್ಲ.

ಆಮೇಲೆ ಬಂದವುಗಳಲ್ಲಿ, 2002ರ 'ಸೈನಿಕ'ದಿಂದ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ದಿನಗಳ 'ಜೇಮ್ಸ್'ವರೆಗೆ, ಸೇನೆ ನಾಯಕನಿಗೆ ಒಂದು ಅರ್ಹತಾಪತ್ರ. ಅದನ್ನು ಜೇಬಿನಲ್ಲಿಟ್ಟುಕೊಂಡು ಅವನು ಊರಿಗೋ ನಗರಕ್ಕೋ ಬಂದು ದುಷ್ಟರನ್ನು ಬಡಿಯುತ್ತಾನೆ. ಇದು ಕನ್ನಡದ ಚಾಳಿ ಮಾತ್ರವಲ್ಲ. ತಮಿಳಿನ 'ತುಪ್ಪಾಕ್ಕಿ'ಯ ನಾಯಕ ರಜೆಯ ಮೇಲೆ ಮುಂಬೈಗೆ ಬಂದ ಸೈನಿಕ. ನಾನಾ ಪಾಟೇಕರ್ ನಿರ್ದೇಶಿಸಿ ನಟಿಸಿದ 1991ರ 'ಪ್ರಹಾರ್' ಕಮಾಂಡೊ ತರಬೇತಿಯನ್ನು ಅಷ್ಟು ಹತ್ತಿರದಿಂದ ತೋರಿಸಿಯೂ, ಅಪರಾಧವನ್ನು ಮಾತ್ರ ನೆಲೆಯ ಗೇಟಿನ ಆಚೆ, ಮುಂಬೈಯ ಬೀದಿಯಲ್ಲಿ ಇಟ್ಟಿತು. ಒಳಗೆ ಶುದ್ಧಿ, ಹೊರಗೆ ಕೊಳೆ ಎಂಬ ಈ ವಿಭಜನೆ ಭಾರತೀಯ ಸೈನಿಕ ಚಿತ್ರದ ಅಡಿಪಾಯ. ನೆಲೆಯ ಥ್ರಿಲ್ಲರ್ ಹುಟ್ಟಬೇಕಾದರೆ ಮೊದಲು ಕೀಳಬೇಕಾದದ್ದು ಈ ಅಡಿಪಾಯವನ್ನೇ.

ಅನುಭವ ಸಾಲದು ಎನ್ನುವ ವಾದ

ಮೊದಲ ಗುಂಪಿನವರು ಹೇಳುವುದು ಸರಳ. ಕರಾವಳಿಯ ಮಕ್ಕಳು ಮುಂಬೈಯ ಹೋಟೆಲಿಗೆ, ಬ್ಯಾಂಕಿಗೆ, ಗಲ್ಫಿಗೆ ಹೋದರು, ಸೇನೆಗೆ ಹೋದವರು ಕಡಿಮೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯ ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಟ್ಟಿದವು. ಕೊಡಗಿನ ಐನ್‌ಮನೆಗಳಲ್ಲಿರುವ ಹಾಗೆ ಇಲ್ಲಿಯ ಚಾವಡಿಗಳಲ್ಲಿ ಸಮವಸ್ತ್ರದ ಫೋಟೋಗಳ ಸಾಲು ಕಾಣುವುದಿಲ್ಲ. ಬದುಕಿನಲ್ಲಿ ಇಲ್ಲದ್ದು ಕಥೆಗೆ ಎಲ್ಲಿಂದ ಬರಬೇಕು?

ಮಾತು ಮೇಲ್ನೋಟಕ್ಕೆ ಒಪ್ಪುವಂಥದ್ದು, ಆದರೆ ಬೇಗ ಕುಸಿಯುತ್ತದೆ. ಅನುಭವವೇ ಕಾರಣವಾಗಿದ್ದರೆ ಕೊಡಗಿನಿಂದಾದರೂ, ಬೆಳಗಾವಿಯಿಂದಾದರೂ ಇಂಥ ಚಿತ್ರಗಳು ಬರಬೇಕಿತ್ತು. ಕನ್ನಡ ಚಿತ್ರೋದ್ಯಮದ ಗಾಂಧಿನಗರ ಇರುವುದೇ ಎರಡು ಶತಮಾನ ದಂಡನ್ನು ಮಗ್ಗುಲಲ್ಲಿಟ್ಟುಕೊಂಡ ಊರಿನಲ್ಲಿ. ಒಳಗಿನ ಅನುಭವ ಇದ್ದವರೇ ಬರೆಯಬೇಕೆಂಬ ನಿಯಮವೂ ಇಲ್ಲ. ಗ್ವಾಂಟಾನಮೋದ ಕಥೆ ಸಾರ್ಕಿನ್‌ಗೆ ಸಿಕ್ಕಿದ್ದು ನೌಕಾಪಡೆಯ ವಕೀಲೆಯಾಗಿದ್ದ ಅವರ ಅಕ್ಕನ ಬಾಯಿಂದ. ಸುದ್ದಿಯ ಕೊರತೆಯೂ ಇಲ್ಲ. 1970ರ ದಶಕದ ಕೊನೆಯ ಸಾಂಬಾ ಗೂಢಚರ್ಯೆ ಪ್ರಕರಣದಲ್ಲಿ ಜಮ್ಮುವಿನ ಒಂದು ನೆಲೆಯ ಅಧಿಕಾರಿಗಳೂ ಸೈನಿಕರೂ ಸಾಲಾಗಿ ಬಂಧಿತರಾದರು, ಆರೋಪ ನಿಜವೋ ಕಟ್ಟುಕಥೆಯೋ ಎಂಬ ಜಗಳ ದಶಕಗಳ ಕಾಲ ನಡೆಯಿತು. 2019ರ ಕೊನೆಯಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಸಿಕ್ಕಿಬಿದ್ದ ನೌಕಾಪಡೆ ಸಿಬ್ಬಂದಿಯಲ್ಲಿ ನಮ್ಮ ಕಾರವಾರದ ನೆಲೆಯವರೂ ಇದ್ದರು. ಪತ್ರಿಕೆ ಓದುವ ಯಾವ ಚಿತ್ರಕಥೆಗಾರನಿಗೂ ಇವು ಕಾಣದ ಸಂಗತಿಗಳಲ್ಲ.

ಅನುಮತಿಯ ಬಾಗಿಲು, ಭಾಷೆಯ ಹೊಸ್ತಿಲು

ಎರಡನೆಯ ವಿವರಣೆ ಸರ್ಕಾರದ ಕಡೆ ಬೆರಳು ತೋರಿಸುತ್ತದೆ. ನೆಲೆಯೊಳಗೆ ಚಿತ್ರೀಕರಣಕ್ಕೆ ರಕ್ಷಣಾ ಸಚಿವಾಲಯದ ಒಪ್ಪಿಗೆ ಬೇಕು, ಒಪ್ಪಿಗೆಗೆ ಚಿತ್ರಕಥೆ ಒಪ್ಪಿಸಬೇಕು. 2006ರಲ್ಲಿ 'ರಂಗ್ ದೇ ಬಸಂತಿ' ತೆರೆಕಾಣುವ ಮೊದಲು ರಕ್ಷಣಾ ಸಚಿವರೇ ಕುಳಿತು ನೋಡಿದರು. 2020ರಲ್ಲಿ ಸೇನೆಯ ವಸ್ತುವುಳ್ಳ ಚಿತ್ರಗಳಿಗೆ ಮೊದಲೇ ನಿರಾಕ್ಷೇಪಣಾ ಪತ್ರ ಇರಲಿ ಎಂದು ಸಚಿವಾಲಯ ಸೆನ್ಸಾರ್ ಮಂಡಳಿಗೆ ಬರೆಯಿತು. 2022ರಲ್ಲಿ ಸಲಿಂಗಿ ಸೇನಾಧಿಕಾರಿಯೊಬ್ಬರ ಬದುಕಿನಿಂದ ಪ್ರೇರಿತವಾದ ಓನಿರ್ ಅವರ ಚಿತ್ರಕಥೆಗೆ ಅಂಥ ಪತ್ರ ಸಿಗಲಿಲ್ಲ. ಅಮೆರಿಕದಲ್ಲೂ ಕಥೆ ಬೇರೆಯಲ್ಲ: 'ಟಾಪ್ ಗನ್'ಗೆ ಯುದ್ಧವಿಮಾನಗಳನ್ನೇ ಕೊಟ್ಟ ನೌಕಾಪಡೆ, ಜಲಾಂತರ್ಗಾಮಿಯೊಳಗಿನ ದಂಗೆಯ ಕಥೆಯಾದ 'ಕ್ರಿಮ್ಸನ್ ಟೈಡ್'ಗೆ ಬಾಗಿಲು ಹಾಕಿತು. ಆ ತಂಡ ಹಿಂಜರಿಯದೆ ಪರ್ಲ್ ಹಾರ್ಬರಿನಿಂದ ಹೊರಟ ನಿಜವಾದ 'ಅಲಬಾಮಾ' ಜಲಾಂತರ್ಗಾಮಿಯ ಬೆನ್ನು ಹತ್ತಿ, ಅದು ಮುಳುಗುವ ದೃಶ್ಯವನ್ನು ಸೆರೆಹಿಡಿದುಕೊಂಡಿತು.

ಬಾಗಿಲು ಮುಚ್ಚಿದರೂ ದಾರಿ ಇದೆ ಎಂಬುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. 'ಮೇಲ್ವಿಲಾಸಂ' ಪೂರ್ತಿ ನಡೆಯುವುದು ಸೇನಾ ನ್ಯಾಯಾಲಯದ ಒಂದೇ ಕೋಣೆಯಲ್ಲಿ. ಒಂದು ಮೇಜು, ಕೆಲವು ಕುರ್ಚಿ, ಒಪ್ಪುವ ನಟರು ಇದ್ದರೆ ಚಿತ್ರವಾಗುತ್ತದೆ. ಸಣ್ಣ ಬಂಡವಾಳದಲ್ಲಿ ಪಳಗಿದ ಕನ್ನಡ, ತುಳು ಚಿತ್ರರಂಗಕ್ಕೆ ಇದು ಅನುಕೂಲವೇ ಹೊರತು ಅಡ್ಡಿಯಲ್ಲ. ಅನುಮತಿಯ ವಾದ ದೊಡ್ಡ ಚಿತ್ರಗಳ ಗೈರುಹಾಜರಿಯನ್ನು ವಿವರಿಸಬಹುದು, ಸಣ್ಣ ಚಿತ್ರಗಳದ್ದನ್ನಲ್ಲ.

ಭಾಷೆಯ ತೊಡಕು ಮಾತ್ರ ಹೆಚ್ಚು ಗಟ್ಟಿಯಾದದ್ದು, ಆದರೂ ಅದರ ಬಗ್ಗೆ ಮಾತಾಡುವವರು ಕಡಿಮೆ. ನೆಲೆಯೊಳಗಿನ ವ್ಯವಹಾರ ಹಿಂದಿಯಲ್ಲಿ, ಅಧಿಕಾರಿಗಳ ಮೆಸ್ಸಿನಲ್ಲಿ ಇಂಗ್ಲಿಷ್. ಪಂಜಾಬಿ ಕರ್ನಲ್ ಒಬ್ಬ ಬಿಹಾರಿ ಸುಬೇದಾರನನ್ನು ಅಚ್ಚ ಕನ್ನಡದಲ್ಲಿ ಗದರಿಸಿದರೆ ಬೆಳ್ತಂಗಡಿಯ ಪ್ರೇಕ್ಷಕ ನಕ್ಕಾನು. ಅವನಿಗೆ ಹಿಂದಿ ಬರುತ್ತದೆ ಎಂಬುದೇ ಇಲ್ಲಿ ಪೇಚು. ಮಲಯಾಳಿಗಳು ಈ ಸಂಕೋಚವನ್ನು ಕೆಲವೆಡೆ ಭಾಷೆ ಬೆರೆಸಿ ದಾಟಿದರು, ಕೆಲವೆಡೆ ರಂಗಭೂಮಿಯ ರೂಢಿಯಂತೆ ಎಲ್ಲರಿಗೂ ಮಲಯಾಳವನ್ನೇ ಆಡಿಸಿ ದಾಟಿದರು. ಇಲ್ಲೂ ದಾಟಬಹುದು. ಯಕ್ಷಗಾನದಲ್ಲಿ ರಾವಣ, ಕೃಷ್ಣ, ಇಂದ್ರರೆಲ್ಲ ಕನ್ನಡವನ್ನೋ ತುಳುವನ್ನೋ ಆಡುವುದನ್ನು ಇದೇ ಪ್ರೇಕ್ಷಕ ಬೆಳಗಿನವರೆಗೆ ಕೂತು ನೋಡುತ್ತಾನಲ್ಲ! ಹಾಗಾಗಿ ಭಾಷೆ ಒಂದು ಹೊಸ್ತಿಲು, ಗೋಡೆಯಲ್ಲ.

ಗೌರವ ಮತ್ತು ದೂರ

ಉಳಿದಿರುವುದು ಗೌರವದ ವಾದ. ಸೈನಿಕ ನಮ್ಮಲ್ಲಿ ಪ್ರಶ್ನಾತೀತ. ನೆಲೆಯ ಥ್ರಿಲ್ಲರಿನಲ್ಲಿ ಅಪರಾಧಿಯಾಗಿ ಸಮವಸ್ತ್ರದವನೇ ಸಿಗಬೇಕು. ಪ್ರೇಕ್ಷಕ ಒಪ್ಪುವುದಿಲ್ಲ ಎಂಬ ಭಯದಿಂದ ನಿರ್ಮಾಪಕ ಹಿಂದೆಗೆಯುತ್ತಾನೆ. ಇದನ್ನು ಒಪ್ಪುವ ಮೊದಲು ಒಂದು ಹೋಲಿಕೆ ನೋಡಬೇಕು. 'ಮುತ್ತಿನ ಹಾರ' ತೆಗೆದ ರಾಜೇಂದ್ರಸಿಂಗ್ ಬಾಬು ಅವರೇ ಅದಕ್ಕೂ ಒಂಬತ್ತು ವರ್ಷ ಮೊದಲು, 1981ರಲ್ಲಿ, 'ಅಂತ' ತೆಗೆದರು. ಪೊಲೀಸು, ನ್ಯಾಯಾಂಗ, ರಾಜಕೀಯದ ದೊಡ್ಡವರೆಲ್ಲ ಒಂದೇ ಪಾತಕದ ಜಾಲದಲ್ಲಿರುವ ಕಥೆ ಅದು. ಚಿತ್ರ ವಿವಾದಕ್ಕೆ ಸಿಕ್ಕಿತು, ಜನ ಮುಗಿಬಿದ್ದು ನೋಡಿದರು. ಒಬ್ಬನೇ ನಿರ್ದೇಶಕ, ಹೆಚ್ಚುಕಡಿಮೆ ಅದೇ ಪ್ರೇಕ್ಷಕರು, ಆದರೂ ಖಾಕಿಗೆ ಒಂದು ಅಳತೆ, ಹಸಿರು ಸಮವಸ್ತ್ರಕ್ಕೆ ಇನ್ನೊಂದು.

ವ್ಯತ್ಯಾಸ ಬಂದದ್ದು ಎಲ್ಲಿಂದ? ಪೊಲೀಸನನ್ನು ಜನ ದಿನವೂ ಕಾಣುತ್ತಾರೆ. ಠಾಣೆಯ ಬೆಂಚಿನ ಮೇಲೆ ಕಾದವರು, ಬಿ.ಸಿ. ರೋಡಿನ ಸರ್ಕಲ್ಲಿನಲ್ಲಿ ಬೈಕಿನ ಕಾಗದ ತೋರಿಸಿದವರು, ಪಂಚನಾಮೆಗೆ ಸಹಿ ಹಾಕಿದವರು ಎಲ್ಲ ಮನೆಯಲ್ಲೂ ಇದ್ದಾರೆ. ಪೊಲೀಸು ವ್ಯವಸ್ಥೆಯ ಬರೆಯದ ಕಾನೂನು ಅವರಿಗೆ ಗೊತ್ತು. ಅದನ್ನು ಬಯಲಿಗೆಳೆದಾಗ ಹೌದು ಎನ್ನಿಸುತ್ತದೆ. ಸೇನೆಯದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಮನೆಯ ಗುಟ್ಟು ರಟ್ಟಾದರೆ ಕೇಳುವವರಿಗೆ ರೋಮಾಂಚನವಾಗುವುದಿಲ್ಲ, ಬರೀ ಅಪಚಾರವಾಗಿ ಕೇಳಿಸುತ್ತದೆ. ಅಂದರೆ ಅನುಭವದ ವಾದ ಮತ್ತು ಗೌರವದ ವಾದ ಇಲ್ಲಿ ಒಂದಾಗುತ್ತವೆ. ಅನುಭವ ಬೇಕಾದದ್ದು ಬರೆಯುವವನಿಗಲ್ಲ, ನೋಡುವವನಿಗೆ. ಕೇರಳದಲ್ಲಿ ಸೇನೆಗೆ ಹೋಗಿ ಬಂದವರ ಸಂಖ್ಯೆ, ಅವರ ಬಡಾಯಿ, ಅವರ ಕ್ಯಾಂಟೀನಿನ ರಮ್ಮು ಎಲ್ಲವೂ ಹಾಸ್ಯಚಿತ್ರಗಳಿಗೂ ವಸ್ತುವಾಗುವಷ್ಟು ಪರಿಚಿತ. ಅಷ್ಟು ಸಲುಗೆ ಇದ್ದಲ್ಲಿ ಅನುಮಾನಕ್ಕೂ ಎಡೆಯಿದೆ. ಕೊಡಗಿನಲ್ಲೂ ಆ ಸಲುಗೆ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಒಂದು ಪುಟ್ಟ ಜಿಲ್ಲೆಯ ಪ್ರೇಕ್ಷಕರನ್ನು ನಂಬಿ ಗಾಂಧಿನಗರ ಬಂಡವಾಳ ಹೂಡುವುದಿಲ್ಲ.

ಗುತ್ತಿನ ಮನೆ ಮಾಡುತ್ತಿರುವ ಕೆಲಸ

ಈಗ ಕರಾವಳಿಯ ಥ್ರಿಲ್ಲರುಗಳ ಕಡೆ ತಿರುಗಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿ ತುಳುನಾಡಿನ ಹಳ್ಳಿಯನ್ನು ಭಯದ ಜಾಗವಾಗಿ ಕನ್ನಡಿಗರಿಗೆಲ್ಲ ಪರಿಚಯಿಸಿತು. ಅದರ ನೆನಪನ್ನು ಬೆನ್ನಿಗೆ ಕಟ್ಟಿಕೊಂಡೇ 2015ರಲ್ಲಿ ಅನೂಪ್ ಭಂಡಾರಿಯವರ 'ರಂಗಿತರಂಗ' ಬಂತು. ಕಮರೊಟ್ಟು ಎಂಬ ಕಲ್ಪಿತ ಊರು, ಹೊರಗಿನಿಂದ ಬರುವ ದಂಪತಿ, ಹಳೆಯ ಮನೆ, ಊರವರು ಹೇಳದೆ ಉಳಿಸಿಕೊಂಡ ಕೆಲವು ಸಾವುಗಳು. 2022ರ 'ವಿಕ್ರಾಂತ್ ರೋಣ' ಅದೇ ಹೆಸರಿನ ಊರಿಗೆ ಒಬ್ಬ ಇನ್ಸ್‌ಪೆಕ್ಟರನ್ನು ಕಳಿಸಿತು. ಅದೇ ವರ್ಷದ 'ಕಾಂತಾರ'ದಲ್ಲಿ ಅನುಮಾನ ಮೊದಲು ತಿರುಗುವುದು ಹೊರಗಿನಿಂದ ಬಂದ ಅರಣ್ಯಾಧಿಕಾರಿ ಮುರಳೀಧರನ ಮೇಲೆ. ನಿಜವಾದ ಕೈವಾಡ ಊರೇ ತಲೆಬಾಗುವ ಧಣಿಯದ್ದು.

ಬೇಲಿಯೊಳಗಿನ ಲೋಕ, ಬರೆಯದ ಕಟ್ಟುಕಟ್ಟಳೆ, ಅದನ್ನು ಕಾಯುವ ದೊಡ್ಡ ಮನುಷ್ಯ, ಅವನ ಮಾನದ ಅಡಿಯಲ್ಲಿ ಹೂತ ಹೆಣ, ಹೊರಗಿನಿಂದ ಬಂದ ತನಿಖೆಗಾರ: ಸೇನಾ ನೆಲೆಯ ಥ್ರಿಲ್ಲರಿನ ಅಂಗಾಂಗಗಳೆಲ್ಲ ಇಲ್ಲಿವೆ. ದೈವದ ಕೋಲದ ದಿನ ಗುತ್ತಿನ, ಅಂದರೆ ಊರಿನ ಹಿರಿಮನೆತನದ, ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಜಮಾನಿಕೆಯ ಗಡಿ ಹಿಡಿದವರನ್ನು ದೈವ ಯಾವ ಹೆಸರಿನಿಂದ ಕರೆಯಬೇಕು, ಗಂಧಪ್ರಸಾದ ಮೊದಲು ಯಾರಿಗೆ ಆಮೇಲೆ ಯಾರಿಗೆ, ಯಾರು ಚಾವಡಿ ಹತ್ತಬಹುದು ಯಾರು ಹತ್ತಬಾರದು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಅಲ್ಲಿದ್ದ ಮಗುವಿಗೂ ಅದು ಗೊತ್ತು. ಗ್ವಾಂಟಾನಮೋದ ಕಾರ್ಪೊರಲ್ ಊಟದ ಮನೆಗೆ ದಾರಿ ಕಂಡುಕೊಂಡ ಬಗೆ ಇದೇ. ಆ ಶ್ರೇಣಿ ತಪ್ಪಿದರೆ ಏನಾಗುತ್ತದೆ ಎಂಬ ಅಳುಕನ್ನು ಪ್ರೇಕ್ಷಕ ಮನೆಯಿಂದಲೇ ತಂದಿರುತ್ತಾನೆ. ನಿರ್ದೇಶಕ ಅದನ್ನು ಕಲಿಸುವ ಕಷ್ಟಪಡಬೇಕಾಗಿಲ್ಲ.

ಇದಕ್ಕೆ ಒಂದು ಆಕ್ಷೇಪ ಸಹಜ. ದೈವದ ಕಥೆಯಲ್ಲಿ ಅಲೌಕಿಕವಿದೆ, ಸೇನೆಯ ಕಥೆಯಲ್ಲಿ ಇಲ್ಲ. ಒಂದರಲ್ಲಿ ತೀರ್ಪು ದೈವದ ನುಡಿ, ಇನ್ನೊಂದರಲ್ಲಿ ನ್ಯಾಯಾಲಯದ ಆದೇಶ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಆಕ್ಷೇಪ ನಿಜ, ಮತ್ತು ನನ್ನ ವಾದದ ಮಿತಿಯೂ ಅಲ್ಲೇ ಇದೆ. ಸೇನಾ ನ್ಯಾಯಾಲಯದ ಥ್ರಿಲ್ಲರ್ ಸಂಸ್ಥೆಯನ್ನು ಅದರದೇ ನಿಯಮದಿಂದ ಕಟಕಟೆಗೆ ತರುತ್ತದೆ. ಕರಾವಳಿಯ ಚಿತ್ರ ಕೊನೆಗೆ ಸಂಸ್ಥೆಗಿಂತ ಹಿರಿದಾದ ಶಕ್ತಿಯನ್ನು ಕರೆದು ಧಣಿಯನ್ನು ದಂಡಿಸುತ್ತದೆ, ವ್ಯವಸ್ಥೆಯನ್ನು ಹಾಗೇ ಬಿಡುತ್ತದೆ. 'ಮೇಲ್ವಿಲಾಸಂ' ಜಾತಿಯ ಬಗ್ಗೆ ಕೇಳಿದ ನೇರ ಪ್ರಶ್ನೆಯನ್ನು ನಮ್ಮ ಗುತ್ತಿನ ಥ್ರಿಲ್ಲರುಗಳು ಅಷ್ಟೇ ನೇರವಾಗಿ ಕೇಳಿಲ್ಲ. ಕೆಲಸ ವಹಿಸಿಕೊಂಡದ್ದು ನಿಜ, ಪೂರ್ತಿ ಮಾಡಿಲ್ಲ.

ಗಡಾಯಿಕಲ್ಲು ಎಂಬ ಹಳೆಯ ನೆಲೆ

ಮೊದಲಿಗೆ ಹೆಸರಿಸಿದ ಮೂರು ತಾಲೂಕುಗಳಿಗೆ ಸೇನಾ ನೆಲೆ ಹೊಸತೂ ಅಲ್ಲ. ಬೆಳ್ತಂಗಡಿಯ ಪಕ್ಕದ ಗಡಾಯಿಕಲ್ಲು, ದಾಖಲೆಗಳ ಜಮಲಾಬಾದ್, ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿ ತಾಯಿಯ ಹೆಸರಿಟ್ಟ ಕೋಟೆ. ಸಮುದ್ರಮಟ್ಟದಿಂದ 1,700 ಅಡಿಗೂ ಎತ್ತರಕ್ಕೆ ಒಂದೇ ಬಂಡೆಯಾಗಿ ಎದ್ದ ಗುಡ್ಡ, ಮೇಲೆ ಹೋಗಲು ಕಲ್ಲಿನಲ್ಲೇ ಕಡಿದ ಕಿರಿದಾದ ಒಂದೇ ಮೆಟ್ಟಿಲ ದಾರಿ, ನೆತ್ತಿಯಲ್ಲಿ ನೀರಿನ ಕೆರೆ. ಮೇಲಿರುವ ಹಿಡಿಯಷ್ಟು ಜನ ಕೆಳಗಿನ ದಂಡನ್ನು ತಡೆದು ನಿಲ್ಲಿಸಬಲ್ಲರು, ಕೆಳಗಿನವರು ದಾರಿ ಕಟ್ಟಿದರೆ ಮೇಲಿನವರು ಇಳಿಯಲಾರರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೋಟೆ ಬ್ರಿಟಿಷರ ಕೈಸೇರಿತು. ಸ್ವಲ್ಪ ಕಾಲದಲ್ಲೇ ಬಂಡಾಯದವರು ಹಠಾತ್ತಾಗಿ ಅದನ್ನು ಕಸಿದುಕೊಂಡರು. ಮರಳಿ ಪಡೆಯಲು ಬ್ರಿಟಿಷರು ಮೂರು ತಿಂಗಳು ದಾರಿ ಕಟ್ಟಿ ಕೂರಬೇಕಾಯಿತು. ಒಂದೇ ದಾರಿಯ ಕೋಟೆಯೊಳಗೆ ಹೊರಗಿನವರು ನುಗ್ಗಿದ್ದು ಹೇಗೆ, ಒಳಗಿನ ಯಾರ ಕೈವಾಡ ಇತ್ತು, ಆ ಮೂರು ತಿಂಗಳಲ್ಲಿ ಮೇಲಿದ್ದವರು ಒಬ್ಬರನ್ನೊಬ್ಬರು ಎಷ್ಟು ನಂಬಿದರು? ಚಿತ್ರಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಸಿಗಲಾರದು.

ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯದ ದಂಗೆಯಲ್ಲೂ ಇಂಥದ್ದೇ ವಸ್ತುವಿದೆ. ದಂಗೆಯವರು ಬಂಟ್ವಾಳದ ಮೇಲಿಂದ ಏಪ್ರಿಲ್ 5ರಂದು ಮಂಗಳೂರು ಮುಟ್ಟಿ, ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ, ಎರಡು ವಾರದೊಳಗೆ ಸೋತರು. ಬಂಟ್ವಾಳದ ನಂದಾವರದ ಬಂಗರಸನೂ ಅದರಲ್ಲಿ ಸೇರಿ ಗಲ್ಲಿಗೇರಿದ. ಆದರೆ ಇವನ್ನು ಮುಟ್ಟುವುದು ಈಗ ಸುಲಭವಲ್ಲ. 2015ರಿಂದ 2019ರವರೆಗಿನ ಟಿಪ್ಪು ಜಯಂತಿಯ ಜಗಳ ನೋಡಿದ ಯಾವ ನಿರ್ಮಾಪಕನೂ ಜಮಲಾಬಾದಿನ ಕಥೆಗೆ ಕೈಹಾಕುವ ಮೊದಲು ಎರಡು ಸಲ ಯೋಚಿಸುತ್ತಾನೆ. ಕೋಟೆಯೊಳಗಿನ ಸಿಪಾಯಿ ಯಾರ ಪರ ಎಂಬ ಪ್ರಶ್ನೆಗೆ ಥ್ರಿಲ್ಲರ್ ಕೊನೆಯ ರೀಲಿನವರೆಗೂ ಉತ್ತರ ಕೊಡಬಾರದು. ಇಂದಿನ ವಾತಾವರಣ ಮೊದಲ ಪೋಸ್ಟರಿನಲ್ಲೇ ಉತ್ತರ ಕೇಳುತ್ತದೆ.

ಇನ್ನೂ ತೀರ್ಮಾನವಾಗದ್ದು

ಕೆಲವು ಗಂಟುಗಳು ಹಾಗೇ ಉಳಿದಿವೆ. ಭಾಷೆ ಮತ್ತು ಗೌರವ, ಎರಡರಲ್ಲಿ ಯಾವುದು ಹೆಚ್ಚು ಭಾರ ಎಂದು ಬೇರ್ಪಡಿಸುವ ಪುರಾವೆ ನಮ್ಮ ಮುಂದಿಲ್ಲ. ಸೋತ ಚಿತ್ರಗಳಿದ್ದರೆ ಏಕೆ ಸೋತವೆಂದು ನೋಡಬಹುದಿತ್ತು, ಇಲ್ಲಿ ಯತ್ನವೇ ಇಲ್ಲ. ಇದೇ ಊರುಗಳ ಜನ 'ಶೌರ್ಯ'ವನ್ನು ಹಿಂದಿಯಲ್ಲಿ ಮೆಚ್ಚುತ್ತಾರೆ ಎಂದ ಮೇಲೆ ಅವರ ಗೌರವ ನಿಜಕ್ಕೂ ಅಷ್ಟು ಬಿಗಿಯೇ, ಅಥವಾ ಅನುಮಾನ ಪರಭಾಷೆಯಲ್ಲಿದ್ದರೆ ಸಹ್ಯ, ಸ್ವಂತ ಭಾಷೆಯಲ್ಲಿದ್ದರೆ ಅಸಹ್ಯವೇ ಎಂಬುದೂ ಕೇಳಬೇಕಾದ ಪ್ರಶ್ನೆ. ಗುತ್ತಿನ ಥ್ರಿಲ್ಲರ್ ಈಗ ಎಲ್ಲರೂ ತುಳಿದ ಹಾದಿಯಾಗುತ್ತಿದೆ. ದೈವವನ್ನು ತೆರೆಗೆ ತರುವುದರ ವಿರುದ್ಧ ದೈವಾರಾಧಕರಿಂದಲೇ ಆಕ್ಷೇಪ ಬರುತ್ತಿದೆ. ಆ ಬಾಗಿಲು ಕಿರಿದಾದರೆ ಕರಾವಳಿಯ ಕಥೆಗಾರ ಬೇರೆ ಯಾವ ಮುಚ್ಚಿದ ಜಾಗ ಹುಡುಕುತ್ತಾನೆ ಎಂಬುದನ್ನು ಊಹಿಸಬಹುದಷ್ಟೆ: ಹಾಸ್ಟೆಲು, ಆಸ್ಪತ್ರೆ, ಬಂದರು ಎಲ್ಲವೂ ಸಾಲಿನಲ್ಲಿವೆ.

ಪ್ರೇಕ್ಷಕನ ಪರಿಚಯವೇ ನಿರ್ಣಾಯಕ ಎಂಬ ನನ್ನ ಮಾತಿಗೆ ಪರೀಕ್ಷೆ ಒದಗುವ ಸಾಧ್ಯತೆಯೂ ಇದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ನಾಲ್ಕರಲ್ಲಿ ಒಂದು ಪಾಲಿನವರನ್ನು ಸೇನೆ ಉಳಿಸಿಕೊಂಡು, ಉಳಿದವರನ್ನು ನಾಲ್ಕು ವರ್ಷದ ಬಳಿಕ ಊರಿಗೆ ಕಳಿಸುತ್ತದೆ. ಹದಿನೈದು ವರ್ಷ ಕಳೆದು ಪಿಂಚಣಿಯೊಂದಿಗೆ ಬಂದವರ ಸೇನೆ ಒಂದಾದರೆ, ಇಪ್ಪತ್ತೈದು ತುಂಬುವ ಮೊದಲೇ ಮರಳಿ ಕೆಲಸ ಹುಡುಕುವವರ ಸೇನೆ ಇನ್ನೊಂದು. ಅವರು ಹೇಳುವ ಬ್ಯಾರಕ್ಕಿನ ಕಥೆಯಲ್ಲಿ ಗೌರವ ಎಷ್ಟಿರುತ್ತದೆ, ಸಲುಗೆ ಎಷ್ಟಿರುತ್ತದೆ, ಅದನ್ನು ತುಳುವಿನಲ್ಲೋ ಕನ್ನಡದಲ್ಲೋ ಕೇಳಿಸಿಕೊಳ್ಳುವ ನಿರ್ದೇಶಕ ಯಾರು ಎಂಬುದು ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ.